ಕುದುರೆಗೆ ಹುಳುಕಡ್ಡಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಕುದುರೆ ಸಾಕಿದವರ ಪತ್ರಗಳು ಒಂದರ ಹಿಂದೊಂದು ಬಂದಿವೆ. ರೈಡಿಂಗ್ ಶಾಲೆ, ಟಾಂಗಾ, ಮದುವೆ ಮೆರವಣಿಗೆ ಎಂದು ಕುದುರೆಯ ಕೆಲಸ ಬೇರೆ ಬೇರೆ. ದೂರು ಮಾತ್ರ ಒಂದೇ: ಮೈಮೇಲೆ ದುಂಡಗೆ ಕೂದಲು ಉದುರುತ್ತಿದೆ, ಒಂದರಿಂದ ಇನ್ನೊಂದಕ್ಕೆ ಅಂಟುತ್ತಿದೆ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು 11 ಕುದುರೆಗಳ ರೈಡಿಂಗ್ ಶಾಲೆ. ಮೂರು ವಾರದ ಹಿಂದೆ 3 ವರ್ಷದ ಹೊಸ ಕುದುರೆಯೊಂದನ್ನು ತಂದೆವು. ಈಗ ಅದಕ್ಕೂ ಅಕ್ಕಪಕ್ಕದ ಎರಡಕ್ಕೂ ಹೊಟ್ಟೆಪಟ್ಟಿ ಕೂರುವ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೂದಲು ನಿಮಿರಿ ನಿಂತಿದೆ. ತುರಿಕೆ ಅಷ್ಟಾಗಿ ಇಲ್ಲ. ಸೊಳ್ಳೆ ಕಡಿತ ಅಂತ ಒಬ್ಬರು, ಹುಳುಕಡ್ಡಿ ಅಂತ ಇನ್ನೊಬ್ಬರು. ಗುರುತಿಸುವುದು ಹೇಗೆ? (ದೇವನಹಳ್ಳಿ ಸಮೀಪದಿಂದ)

ಉತ್ತರ: ನೀವು ಬರೆದಿರುವ ಮೂರು ಸಂಗತಿಗಳೂ ಹುಳುಕಡ್ಡಿಯ ಕಡೆಗೇ ಬೆರಳು ತೋರಿಸುತ್ತವೆ. ಕುದುರೆಗೆ ಇನ್ನೂ ಎಳೆ ವಯಸ್ಸು, ಮಚ್ಚೆ ಬಿದ್ದಿರುವುದು ಪಟ್ಟಿ ಉಜ್ಜುವ ಜಾಗದಲ್ಲಿ, ಅಂಟಿರುವುದು ಹೊಸ ಕುದುರೆ ಬಂದ ಮೇಲೆ. ಹೆಸರಿನಲ್ಲಿ ಹುಳು ಇದ್ದರೂ ಇಲ್ಲಿ ಯಾವ ಹುಳುವೂ ಇಲ್ಲ. ಕೂದಲು ಮತ್ತು ಚರ್ಮದ ಮೇಲ್ಪದರವನ್ನು ತಿಂದು ಬದುಕುವ ಶಿಲೀಂಧ್ರ ಇದು. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೊಫೈಟಾನ್ ಇಕ್ವೈನಮ್. ಬೆಕ್ಕು ನಾಯಿಗಳಿಂದ ಮೈಕ್ರೋಸ್ಪೋರಮ್ ಕ್ಯಾನಿಸ್, ದನದ ಕೊಟ್ಟಿಗೆಯಿಂದ ಟ್ರೈಕೊಫೈಟಾನ್ ವೆರುಕೋಸಮ್ ಕೂಡ ಬರಬಹುದು. ಅಂಟಿದ 1ರಿಂದ 4 ವಾರದಲ್ಲಿ ಮಚ್ಚೆ ಕಾಣುತ್ತದೆ, ಕೆಲವೊಮ್ಮೆ ಇನ್ನೂ ತಡವಾಗಿ. ಮೂರು ವಾರದ ನಿಮ್ಮ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ಮಿಕ್ಕ 8 ಕುದುರೆಗಳು ಇವತ್ತು ಚೆನ್ನಾಗಿ ಕಂಡರೂ ಅವಕ್ಕೆ ಅಂಟಿಲ್ಲ ಎಂದು ಹೇಳಲು ಬರುವುದಿಲ್ಲ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಹಗಲು ಬೆಳಕಿನಲ್ಲಿ, ಕೈಗವಸು ಹಾಕಿಕೊಂಡು ನೋಡಿ. ಮೊದಲ ಹಂತದಲ್ಲಿ ಗಂಧೆ ಎದ್ದಂತೆ ಕೂದಲು ಗುಂಪಾಗಿ ನಿಮಿರಿರುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಆ ಗುಂಪನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬುಡದಲ್ಲಿ ತೆಳು ಹಕ್ಕಳೆ ಅಂಟಿಕೊಂಡೇ ಕಿತ್ತು ಬರುತ್ತದೆ. ಕೆಳಗೆ ಬೂದಿ ಉದುರಿಸಿದ ಹಾಗೆ ಹೊಟ್ಟು, ಅಂಚಿನಲ್ಲಿ ಕತ್ತರಿಸಿದಂತೆ ಮುರಿದು ನಿಂತ ಮೋಟು ಕೂದಲು. ರೋಗ ಜೀವಂತವಾಗಿರುವುದು ಈ ಅಂಚಿನಲ್ಲಿ. ನಡುಭಾಗ ಆಗಲೇ ಮಾಯಲು ಶುರುವಾಗಿರುತ್ತದೆ.

ಇದೇ ರೀತಿ ಕಂಡು ದಾರಿ ತಪ್ಪಿಸುವ ತೊಂದರೆಗಳಿವೆ. ಬೆನ್ನು, ಸೊಂಟದ ಮೇಲೆ, ಅಂದರೆ ಮಳೆನೀರು ಹರಿದಿಳಿಯುವ ದಾರಿಯಲ್ಲಿ, ದಪ್ಪ ಹಕ್ಕಳೆ ಕಟ್ಟಿ ಅದರಡಿ ಕೀವಿನ ಪಸೆ ಇದ್ದರೆ ಅದು ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸ, ಅದಕ್ಕೆ ಔಷಧಿ ಬೇರೆ. ಅಯಾಲು ಮತ್ತು ಬಾಲದ ಬುಡವನ್ನು ಕಂಬಕ್ಕೆ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡರೆ ಸಣ್ಣ ನೊಣಗಳ ಕಡಿತದ ಅಲರ್ಜಿ ಇರಬಹುದು. ಕಾಲು ಝಾಡಿಸುತ್ತ, ಕಚ್ಚಿಕೊಳ್ಳುತ್ತ ಇದ್ದರೆ ಕಜ್ಜಿ ಹುಳ. ಒಂದೇ ಒಂದು ದುಂಡು ಮಚ್ಚೆ ತಿಂಗಳುಗಟ್ಟಲೆ ಬದಲಾಗದೆ ಹಾಗೇ ಉಳಿದರೆ ಸಾರ್ಕಾಯ್ಡ್ ಎಂಬ ಚರ್ಮದ ಗಂತಿ ಇರಬಹುದು. ಅದಕ್ಕೆ ಮುಲಾಮು ಉಜ್ಜಿ ಕೆಣಕಬಾರದು.

ಖಾತ್ರಿಯಾಗಬೇಕಾದರೆ ಮಾದರಿ ಕಳಿಸಬೇಕು. ಮಚ್ಚೆಯ ಅಂಚನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒಂದು ಸಲ ಒರೆಸಿ, ಪೂರ್ತಿ ಆರಲು ಬಿಡಿ. ಮೇಲಿನ ಧೂಳಿನ ಬೂಷ್ಟು ಹೋಗದಿದ್ದರೆ ಪ್ರಯೋಗಾಲಯದಲ್ಲಿ ಅದೇ ಬೆಳೆದು ನಿಜವಾದದ್ದನ್ನು ಮುಚ್ಚಿಬಿಡುತ್ತದೆ. ಚಿಮುಟದಿಂದ ಅಂಚಿನ 20-30 ಕೂದಲನ್ನು, ಮೋಟು ಕೂದಲನ್ನೂ ಸೇರಿಸಿ, ಬೇರು ಸಮೇತ ಕಿತ್ತು ಒಂದಿಷ್ಟು ಹೊಟ್ಟಿನ ಜೊತೆ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರು ಕಟ್ಟಿ ಮಾದರಿ ಕೆಡುತ್ತದೆ. ಮುಲಾಮು ಹಚ್ಚುವ ಮೊದಲೇ ತೆಗೆಯಬೇಕು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ನಿಮಗೆ ಹತ್ತಿರದ್ದನ್ನು ನಿಮ್ಮ ವೈದ್ಯರ ಮೂಲಕ ವಿಚಾರಿಸಿ. ಕವರಿನ ಮೇಲೆ ‘ಕುದುರೆಯ ಮಾದರಿ’ ಎಂದು ದಪ್ಪಗೆ ಬರೆಯಿರಿ. ಇಕ್ವೈನಮ್ ಬೆಳೆಯಲು ನಿಕೋಟಿನಿಕ್ ಆಮ್ಲ ಎಂಬ ವಿಟಮಿನ್ ಬೇಕು, ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸುವ ಸಾಮಾನ್ಯ ಮಾಧ್ಯಮದಲ್ಲಿ ಅದು ಸರಿಯಾಗಿ ಏಳದೆ ‘ಏನೂ ಇಲ್ಲ’ ಎಂಬ ವರದಿ ಬಂದುಬಿಡಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೇ ದಿನ ಸುಳಿವು ಸಿಗುತ್ತದೆ, ಬೆಳೆಸಿ ನೋಡುವ ಪರೀಕ್ಷೆಗೆ 2ರಿಂದ 4 ವಾರ ಹಿಡಿಯುತ್ತದೆ. ಕೆಲವು ಶಿಲೀಂಧ್ರಗಳನ್ನು ಹೊಳೆಯಿಸಿ ತೋರಿಸುವ ನೀಲಿ ದೀಪ (ವುಡ್ಸ್ ಲ್ಯಾಂಪ್) ಹಿಡಿದು ‘ಹೊಳೆಯಲಿಲ್ಲ, ಹುಳುಕಡ್ಡಿ ಅಲ್ಲ’ ಎಂದರೆ ಒಪ್ಪಬೇಡಿ. ಇಕ್ವೈನಮ್ ಆ ದೀಪಕ್ಕೆ ಹೊಳೆಯುವುದೇ ಇಲ್ಲ.

ವರದಿ ಬರುವ ತನಕ ಕೈಕಟ್ಟಿ ಕೂರಬೇಡಿ. ಇವತ್ತೇ ಆ ಮೂರು ಕುದುರೆಗಳನ್ನು ಬೇರೆ ಮಾಡಿ, ಅವುಗಳ ಬ್ರಷ್, ಜೀನು, ಪಟ್ಟಿ ಬೇರೆ ಯಾವ ಕುದುರೆಗೂ ಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಹುಳುಕಡ್ಡಿ ತಾನಾಗಿಯೇ ವಾಸಿಯಾಗುತ್ತದೆ, ಔಷಧಿಗೆ ದುಡ್ಡು ಸುರಿಯಬೇಡಿ ಎನ್ನುತ್ತಾರೆ. ನಿಜವೇ? ಹಚ್ಚುವುದಾದರೆ ಏನು, ಎಷ್ಟು, ಎಷ್ಟು ದಿನ? (ತುಮಕೂರು)

ಉತ್ತರ: ಅರ್ಧ ನಿಜ. ಗಟ್ಟಿಮುಟ್ಟಾದ ಕುದುರೆ 6ರಿಂದ 12 ವಾರದಲ್ಲಿ ತನ್ನ ಮೈಯ ಶಕ್ತಿಯಿಂದಲೇ ಇದನ್ನು ಗೆಲ್ಲುತ್ತದೆ. ಆದರೆ ಅಷ್ಟೂ ವಾರ ಅದರ ಮೈಯಿಂದ ಉದುರುವ ಪ್ರತಿ ಮುರುಕು ಕೂದಲಿನ ಸುತ್ತಲೂ ಶಿಲೀಂಧ್ರದ ಬೀಜಕಣಗಳು ಮುತ್ತಿಕೊಂಡಿರುತ್ತವೆ, ಅವು ಮರ, ತೊಗಲು, ಬ್ರಷ್ಷಿನ ಬುಡದಲ್ಲಿ ವರ್ಷದವರೆಗೂ ಸಾಯದೆ ಕೂರಬಲ್ಲವು. ಚಿಕಿತ್ಸೆ ಮಾಡುವುದು ಆ ಕುದುರೆಗೆ ಎಷ್ಟೋ ಅಷ್ಟೇ ಲಾಯಕ್ಕೂ. ಒಂಟಿ ಕುದುರೆ ಸಾಕಿದವರು ಕಾದು ನೋಡಬಹುದು. ಹತ್ತು ಕುದುರೆ ಇರುವ ಕಡೆ ಕಾಯುವುದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕುದುರೆಗೆಂದೇ ಪರೀಕ್ಷಿಸಿ ಒಪ್ಪಿದ ಔಷಧಿಗಳಲ್ಲಿ ಎನಿಲ್‌ಕೊನಜೋಲ್ ಮುಖ್ಯವಾದದ್ದು. ಅದು 10% ದ್ರಾವಣವಾಗಿ ಬರುತ್ತದೆ. 1 ಪಾಲಿಗೆ 50 ಪಾಲು ಉಗುರುಬೆಚ್ಚಗಿನ ನೀರು, ಅಂದರೆ 100 ಮಿ.ಲೀ.ಗೆ 5 ಲೀಟರ್. ಮಚ್ಚೆಗೂ ಸುತ್ತಲಿನ ಚರ್ಮಕ್ಕೂ ಸ್ಪಂಜಿನಲ್ಲಿ ಒತ್ತಿ ನೆನೆಸಿ, ಸಾಧ್ಯವಾದರೆ ಇಡೀ ಮೈಗೆ ಹಚ್ಚಿ. ಕೂದಲಿನ ಎದುರು ದಿಕ್ಕಿಗೆ ಉಜ್ಜಿದರೆ ಬುಡಕ್ಕೆ ಇಳಿಯುತ್ತದೆ. ತೊಳೆಯದೆ ಹಾಗೇ ಆರಲು ಬಿಡಿ. 3-4 ದಿನಕ್ಕೊಮ್ಮೆಯಂತೆ 4 ಸಲ.

ಇದು ಎಲ್ಲ ಊರಲ್ಲೂ ಸಿಗುವ ಸರಕಲ್ಲ. ಸಿಗದಿದ್ದರೆ 2% ಮೈಕೊನಜೋಲ್ ಮತ್ತು 2% ಕ್ಲೋರ್‌ಹೆಕ್ಸಿಡಿನ್ ಎರಡೂ ಇರುವ ಶಾಂಪೂ ವಾರಕ್ಕೆ 2 ಸಲ. ನೊರೆ ಬಂದ ಮೇಲೆ ಗಡಿಯಾರ ನೋಡಿ 10 ನಿಮಿಷ ಬಿಟ್ಟು ಆಮೇಲೆ ತೊಳೆಯಿರಿ. ಶಾಂಪೂ ಕೆಲಸ ಮಾಡಲಿಲ್ಲ ಎಂದು ಬರೆಯುವವರಲ್ಲಿ ಹಲವರು ಎರಡೇ ನಿಮಿಷಕ್ಕೆ ನೀರು ಹೊಯ್ದಿರುತ್ತಾರೆ. ಬರೀ ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ತರಬೇಡಿ, ಶಿಲೀಂಧ್ರದ ಮೇಲೆ ಒಂಟಿಯಾಗಿ ಅದರ ಬಲ ಸಾಲದು. ನಾಯಿಗೆಂದು ಮಾಡಿದ ಚಿಕ್ಕ ಬಾಟಲಿ ಕುದುರೆಯ ಒಂದೇ ಸ್ನಾನಕ್ಕೆ ಮುಗಿದುಹೋಗುತ್ತದೆ, ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ಕಣ್ಣಿನ ಹತ್ತಿರ ಶಾಂಪೂ ಹೋಗಕೂಡದು. ಮುಖಕ್ಕೆ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಒಂದೋ ಎರಡೋ ಮಚ್ಚೆ ಮಾತ್ರ ಇದ್ದರೆ ಬರೀ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಕ್ರೀಮನ್ನು ದಿನಕ್ಕೆ 2 ಬಾರಿ, ಅಂಚಿನಿಂದ ಎರಡು ಬೆರಳು ಹೊರಗಿನವರೆಗೂ ಹಚ್ಚಬಹುದು. ಕ್ರೀಮು ಬೀಳದ ಜಾಗದ ಕೂದಲಲ್ಲಿ ಬೀಜಕಣ ಉಳಿದೇ ಇರುತ್ತದೆ ಎಂಬುದು ನೆನಪಿರಲಿ. ಬೇರೇನೂ ಸಿಗದ ಹಳ್ಳಿಯಲ್ಲಿ 10% ಪೊವಿಡೋನ್ ಅಯೋಡಿನ್ 100 ಮಿ.ಲೀ.ಗೆ 900 ಮಿ.ಲೀ. ನೀರು ಸೇರಿಸಿ 10 ನಿಮಿಷ ನೆನೆಸಿ ತೊಳೆಯುವುದು ಸದ್ಯಕ್ಕೆ ಆಗುತ್ತದೆ. ಬಿಳಿ ಕುದುರೆಗೆ ಕಲೆ ಹಿಡಿಯುತ್ತದೆ, ಅಷ್ಟೆ.

ಕೆಡುವುದು ಎಲ್ಲಿ? ಹಕ್ಕಳೆಯನ್ನು ರಕ್ತ ಬರುವಂತೆ ಕೆರೆಯುವುದು ಒಂದು. ನೆನೆಸಿ ತಾನಾಗಿ ಬಿಟ್ಟದ್ದನ್ನು ಮಾತ್ರ ತೆಗೆದು, ಹಳೇ ಪತ್ರಿಕೆಯಲ್ಲಿ ಹಿಡಿದು ಸುಟ್ಟುಬಿಡಿ. ‘ಔಷಧಿ ಚೆನ್ನಾಗಿ ಇಳಿಯಲಿ’ ಎಂದು ಮೆಷಿನ್ ಹಾಕಿ ಕೂದಲು ಕತ್ತರಿಸುವುದು ಇನ್ನೊಂದು. ಮೆಷಿನ್ನಿನ ಅಲಗು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಕೂದಲ ಪುಡಿಯನ್ನು ಲಾಯದ ತುಂಬ ಹಾರಿಸುತ್ತದೆ, ಹತ್ತು ದಿನ ಬಿಟ್ಟು ನೋಡಿದರೆ ಎರಡು ಮಚ್ಚೆ ಇದ್ದಲ್ಲಿ ಇಪ್ಪತ್ತು. ಹೊಸ ಕೂದಲು ಚಿಗುರಿದ ತಕ್ಷಣ ಔಷಧಿ ನಿಲ್ಲಿಸುವುದು ಮೂರನೆಯದು. ಹೊಸ ಮಚ್ಚೆ ನಿಂತು, ಹಳೆಯದರ ಅಂಚು ಮಾಯ್ದು, ಎಲ್ಲ ಕಡೆ ಕೂದಲು ಬರುವ ತನಕ ಮುಂದುವರಿಸಿ.

ಪ್ರಶ್ನೆ: ಟಾಂಗಾ ಕುದುರೆಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದೆ. ನಾಲ್ಕು ದಿನ ಕೆಂಪು ಇಳಿದು ಚೆನ್ನಾಗೇ ಇತ್ತು. ಈಗ ಕುತ್ತಿಗೆಯೆಲ್ಲ ಹರಡಿದೆ. ಟ್ಯೂಬ್ ಹಳೇದಾಗಿತ್ತಾ? (ಮೈಸೂರು)

ಉತ್ತರ: ಟ್ಯೂಬಿನ ಮೇಲೆ ಬರೆದದ್ದನ್ನು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್ ಎಂಬ ಹೆಸರುಗಳಲ್ಲಿ ಒಂದಿದ್ದರೂ ಅದರಲ್ಲಿ ಸ್ಟಿರಾಯ್ಡ್ ಇದೆ. ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್, ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಇಂಥ ಕ್ರೀಮುಗಳು ನಮ್ಮಲ್ಲಿ ಚೀಟಿ ಇಲ್ಲದೆಯೂ ಕೈಗೆ ಸಿಗುತ್ತವೆ. ಸ್ಟಿರಾಯ್ಡ್ ಕೆಂಪನ್ನೂ ಉರಿಯನ್ನೂ ಇಳಿಸುತ್ತದೆ, ಅದಕ್ಕೇ ನಾಲ್ಕು ದಿನ ಗುಣ ಕಂಡಿತು. ಅದೇ ಹೊತ್ತಿಗೆ ಶಿಲೀಂಧ್ರದ ವಿರುದ್ಧ ಚರ್ಮ ನಡೆಸುತ್ತಿದ್ದ ಹೋರಾಟವನ್ನೂ ಅಡಗಿಸುತ್ತದೆ. ಮನುಷ್ಯರಲ್ಲಿ ಇದೇ ಕ್ರೀಮುಗಳಿಂದ ಹುಳುಕಡ್ಡಿ ವರ್ಷಗಟ್ಟಲೆ ಜಗ್ಗದೆ ಕೂರುವುದನ್ನು ಚರ್ಮರೋಗ ತಜ್ಞರು ದಿನಾ ನೋಡುತ್ತಿದ್ದಾರೆ.

ಇವತ್ತೇ ನಿಲ್ಲಿಸಿ. ಒಂದೆರಡು ದಿನ ಮಚ್ಚೆ ಕೆಂಪಗೆ ಕೆರಳಿದಂತೆ ಕಾಣಬಹುದು, ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬ್ ಹಿಡಿಯಬೇಡಿ. ಕುತ್ತಿಗೆಯವರೆಗೆ ಹರಡಿರುವುದರಿಂದ ಇನ್ನು ಕ್ರೀಮಿನ ಮಾತಿಲ್ಲ, ಮೇಲೆ ಹೇಳಿದಂತೆ ಇಡೀ ಮೈಗೆ ಔಷಧಿ ಸ್ನಾನವೇ ಆಗಬೇಕು. ಓಟ, ಸವಾರಿ ಸ್ಪರ್ಧೆಯ ಕುದುರೆ ಸಾಕಿದವರಿಗೂ ಒಂದು ಮಾತು: ಚರ್ಮದ ಮೂಲಕ ಒಳಗೆ ಸೇರಿದ ಸ್ಟಿರಾಯ್ಡ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ವಾಸಿಯಾಗುವ ತನಕ ಟಾಂಗಾ ಕಟ್ಟದಿದ್ದರೆ ಮನೆ ಹೇಗೆ ನಡೆಯಬೇಕು ಎಂಬ ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೂ ಕುತ್ತಿಗೆ ಪಟ್ಟಿ ಕೂರುವಲ್ಲಿ ಮಚ್ಚೆ ಇರುವಷ್ಟು ದಿನ ಕಟ್ಟಬೇಡಿ. ಉಜ್ಜಿದ ಚರ್ಮಕ್ಕೆ ಬೆವರು ಸೇರಿದರೆ ಎರಡು ವಾರದಲ್ಲಿ ಮಾಯುವುದು ಎರಡು ತಿಂಗಳು ಹಿಡಿಯುತ್ತದೆ. ದಸರಾಕ್ಕೆ ಮೊದಲು ಕುದುರೆ ಸಜ್ಜಾಗಬೇಕಾದರೆ ಈಗಲೇ ಶುರು ಮಾಡಿ. ನಿಲ್ದಾಣದಲ್ಲಿ ಬೇರೆ ಕುದುರೆಗಳ ನೀರಿನ ತೊಟ್ಟಿಗೂ ಮೂತಿ ಹಾಕಿಸಬೇಡಿ, ನಿಮ್ಮದೇ ಬಕೆಟ್ ಒಯ್ಯಿರಿ.

ಪ್ರಶ್ನೆ: ನಮ್ಮ ಕಡೆ ಸುಟ್ಟ ಎಂಜಿನ್ ಆಯಿಲ್, ಮೈಲುತುತ್ತ, ತಗಚೆ ಸೊಪ್ಪು ಹಚ್ಚುವ ರೂಢಿ ಇದೆ. ಯಾವುದು ಸರಿ? (ಹಾವೇರಿ ಜಿಲ್ಲೆ)

ಉತ್ತರ: ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿ ಲೋಹದ ಕಣಗಳೂ ಸುಟ್ಟ ವಿಷಗಳೂ ಇವೆ, ಚರ್ಮ ಸುಡುತ್ತದೆ, ಕುದುರೆ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಮೈಲುತುತ್ತವನ್ನು ಅಂದಾಜಿನಲ್ಲಿ ಕಲಸಿ ಹಚ್ಚಿ, ಹುಳುಕಡ್ಡಿಗಿಂತ ಆಳದ ಹುಣ್ಣು ಮಾಡಿಕೊಂಡ ಕುದುರೆಗಳಿವೆ. ತಗಚೆ ಸೊಪ್ಪಿಗೆ ಚರ್ಮರೋಗದಲ್ಲಿ ಹಳೆಯ ಹೆಸರಿದೆ, ಬೇವಿನೆಣ್ಣೆಗೂ ಇದೆ. ಒಂದು ಸಣ್ಣ ಮಚ್ಚೆಗೆ ಹಚ್ಚಿದರೆ ಕೆಡುಕಿಲ್ಲ. ಆದರೆ ಅರೆದ ಸೊಪ್ಪಿನ ಹಸಿ ಮುದ್ದೆಯನ್ನು ಜೀನಿನ ಕೆಳಗೆ ಬಿಟ್ಟರೆ ತೇವ ನಿಲ್ಲುತ್ತದೆ, ಎಣ್ಣೆ ಬಳಿದ ಮೈಗೆ ಧೂಳು ಅಂಟುತ್ತದೆ. ಹತ್ತು ಕುದುರೆಗೆ ಹರಡುತ್ತಿರುವಾಗ ಇದನ್ನೇ ನೆಚ್ಚಿ ದಿನ ಕಳೆಯುವುದು ಬೇಡ. ಅಗ್ಗದ್ದೇ ಬೇಕೆಂದರೆ 6% ಬೆಂಜೋಯಿಕ್ ಆಮ್ಲ, 3% ಸ್ಯಾಲಿಸಿಲಿಕ್ ಆಮ್ಲ ಇರುವ ವಿಟ್‌ಫೀಲ್ಡ್ ಮುಲಾಮು ಸಣ್ಣ ಮಚ್ಚೆಗಳಿಗೆ ಒಳ್ಳೆಯದು. ಕಣ್ಣಿನ ಸುತ್ತ, ತೊಡೆಸಂದಿಯಂಥ ತೆಳು ಚರ್ಮಕ್ಕೆ ಮಾತ್ರ ಹಚ್ಚಬೇಡಿ, ಉರಿಯುತ್ತದೆ.

ಪ್ರಶ್ನೆ: ಕಳೆದ ವರ್ಷ ಹುಳುಕಡ್ಡಿ ಬಂದು ವಾಸಿಯಾಗಿತ್ತು. ಈ ಮಳೆಗಾಲಕ್ಕೆ ಹೊಸ ಮರಿಗಳಿಗೆ ಮತ್ತೆ ಬಂದಿದೆ. ಲಾಯಕ್ಕೆ ಫಿನಾಯಿಲ್ ಹಾಕಿ ತೊಳೆದಿದ್ದೆವು. ಎಲ್ಲಿ ತಪ್ಪಾಯಿತು? (ಕುಣಿಗಲ್ ತಾಲ್ಲೂಕು)

ಉತ್ತರ: ಒಮ್ಮೆ ಬಂದು ಹೋದ ದೊಡ್ಡ ಕುದುರೆಗಳಿಗೆ ಅದೇ ಜಾತಿಯ ಶಿಲೀಂಧ್ರದ ವಿರುದ್ಧ ಸ್ವಲ್ಪ ಕಾಲ ರಕ್ಷಣೆ ಇರುತ್ತದೆ, ಮರಿಗಳಿಗೆ ಅದಿಲ್ಲ. ಲಾಯದಲ್ಲಿ ಉಳಿದಿದ್ದ ಬೀಜಕಣ ಅವಕ್ಕೆ ಹತ್ತಿದೆ. ಫಿನಾಯಿಲಿನ ವಾಸನೆಗೆ ಎಲ್ಲ ಶುದ್ಧವಾಯಿತು ಅನ್ನಿಸುತ್ತದೆ, ಆದರೆ ಈ ಬೀಜಕಣಗಳ ಮೇಲೆ ಅದನ್ನು ನಂಬುವಂತಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಕೂದಲು, ಸಗಣಿ, ಹೊಟ್ಟು ಇರುವ ನೆಲಕ್ಕೆ ಔಷಧಿ ಸುರಿಯುವುದು. ಎಂಥ ಔಷಧಿಯಾದರೂ ಆ ಕೊಳೆಯ ಮೇಲೇ ಖರ್ಚಾಗಿ ಹೋಗುತ್ತದೆ.

ಬಿಸಿಲಿರುವ ದಿನ ನೋಡಿ ಕುದುರೆಗಳನ್ನೆಲ್ಲ ಹೊರಗೆ ಕಟ್ಟಿ. ಹಾಸನ್ನು ಪೂರ್ತಿ ತೆಗೆಯಿರಿ, ಬೇರೆ ಕೋಣೆಗೂ ತಿಪ್ಪೆಗೂ ಹಾಕದೆ ದೂರ ಸುಟ್ಟುಬಿಡಿ. ಒಣ ನೆಲ ಗುಡಿಸಬೇಡಿ, ಮೊದಲು ನೀರು ಚಿಮುಕಿಸಿ. ಒಣ ಪೊರಕೆ ಏಳಿಸುವ ಧೂಳಿನಲ್ಲಿ ಕೂದಲ ಮುರುಕು ತೊಲೆಯವರೆಗೂ ಹೋಗುತ್ತದೆ. ಜೋರು ಪಂಪಿನ ನೀರೂ ಇದೇ ಕಾರಣಕ್ಕೆ ಬೇಡ. ಗೋಡೆ, ಗೋದಲಿ, ಬಾಗಿಲಿನ ಚಿಲಕ, ಕಬ್ಬಿಣದ ಸರಳು, ಕುದುರೆ ಕುತ್ತಿಗೆ ಉಜ್ಜುವ ಕಂಬ ಎಲ್ಲವನ್ನೂ ಸಾಬೂನು ನೀರು, ಗಡುಸು ಬ್ರಷ್ಷಿನಿಂದ ಉಜ್ಜಿ ತೊಳೆದು ನೀರು ಬಸಿಯಲು ಬಿಡಿ. ಶುದ್ಧೀಕರಣದ ಮುಕ್ಕಾಲು ಪಾಲು ಮುಗಿಯುವುದೇ ಈ ಉಜ್ಜುವುದರಲ್ಲಿ.

ಔಷಧಿ ಆಮೇಲೆ. ಬ್ಲೀಚಿಂಗ್ ಪೌಡರ್ 30% ಕ್ಲೋರಿನ್ ಇರುವುದಾದರೆ 10 ಲೀಟರ್ ನೀರಿಗೆ 170 ಗ್ರಾಂ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿ ಮಾತ್ರ ಬಳಸಿ. ದ್ರವ ಬ್ಲೀಚ್ 5% ಇದ್ದರೆ 1 ಪಾಲಿಗೆ 9 ಪಾಲು ನೀರು. ಎರಡೂ ಲೆಕ್ಕದಲ್ಲಿ ಸಿಗುವುದು 0.5% ದ್ರಾವಣ. 12 ಅಡಿ ಉದ್ದ 12 ಅಡಿ ಅಗಲದ ಕೋಣೆಯ ನೆಲಕ್ಕೂ ಆಳೆತ್ತರದ ಗೋಡೆಗೂ 12ರಿಂದ 15 ಲೀಟರ್ ಬೇಕಾಗುತ್ತದೆ. ಬಳಿದ ಜಾಗ ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಬಿಸಿಲಿಗೆ ಬೇಗ ಆರಿದರೆ ಮತ್ತೆ ಬಳಿಯಿರಿ. ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಚೀಲದ ಪೌಡರಿನಲ್ಲಿ ಬಲ ಉಳಿದಿರುವುದಿಲ್ಲ, ಕಲಸಿಟ್ಟ ನೀರೂ ಮರುದಿನಕ್ಕೆ ಬೇಡ. ಇದಕ್ಕೆ ಆಸಿಡ್, ಫಿನಾಯಿಲ್, ಬೇರೆ ಯಾವುದನ್ನೂ ಬೆರೆಸಕೂಡದು. ಆಸಿಡ್ ಬಿದ್ದರಂತೂ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಗಂಜಲದ ನೆಲವನ್ನು ಮೊದಲು ಚೆನ್ನಾಗಿ ತೊಳೆಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ, ಅದರ ಅಮೋನಿಯಾ ಬ್ಲೀಚಿನ ಜೊತೆ ಸೇರಿದರೂ ಕೆಟ್ಟ ಅನಿಲ ಬರುತ್ತದೆ. ಕೊನೆಗೆ ಗೋದಲಿ, ನೀರಿನ ತೊಟ್ಟಿ, ಕಬ್ಬಿಣದ ಭಾಗಗಳನ್ನು ಬರೀ ನೀರಿನಲ್ಲಿ ತೊಳೆದು, ವಾಸನೆ ಹೋಗುವವರೆಗೆ ಕುದುರೆ ಒಳಗೆ ಬಿಡಬೇಡಿ. ಕೋಳಿ ಫಾರಂನವರು ಬಳಸುವ ಪೊಟ್ಯಾಷಿಯಂ ಪೆರಾಕ್ಸಿಮೊನೊಸಲ್ಫೇಟ್ ಪುಡಿ ಸಿಕ್ಕರೆ ಲೀಟರಿಗೆ 20 ಗ್ರಾಂನಂತೆ ಅದನ್ನೂ ಬಳಸಬಹುದು, ವಾಸನೆ ಕಡಿಮೆ.

ಮಣ್ಣಿನ ನೆಲಕ್ಕೆ ಯಾವ ಔಷಧಿಯೂ ನಿಲ್ಲುವುದಿಲ್ಲ. ಮೇಲಿನ ಎರಡು ಮೂರು ಇಂಚು ಕೆತ್ತಿ ತೆಗೆದು ಹೊಸ ಮಣ್ಣು ಹಾಕಿ ಗಟ್ಟಿಸಿ. ಒರಟು ಗೋಡೆಗೆ ತೊಳೆದ ಮೇಲೆ ಸುಣ್ಣ ಬಳಿದರೆ ಸಂದುಗಳು ಮುಚ್ಚುತ್ತವೆ. ಮರದ ಕಂಬವನ್ನು ಒದ್ದೆ ಮಾಡಿಕೊಂಡು ಉಪ್ಪುಕಾಗದದಲ್ಲಿ ಉಜ್ಜಿ ಎನಾಮಲ್ ಬಣ್ಣ ಹೊಡೆಯಿರಿ, ಇನ್ನು ಮುಂದೆ ಒರೆಸಿದರೆ ಶುದ್ಧವಾಗುವ ಮೈ ಅದಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದವರೂ ಮರೆಯುವುದು ಬ್ರಷ್ಷು. ನಿಮ್ಮ ಮೈ ಉಜ್ಜುವ ಬ್ರಷ್ಷೊಂದನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಬೀಳುವ ಬೂದು ಹೊಟ್ಟು, ಸಾಸಿವೆಯಷ್ಟೂ ಉದ್ದವಿಲ್ಲದ ಕೂದಲ ಮುರುಕು, ರೋಗ ಇರುವುದು ಅದರಲ್ಲೇ. ಮರದ ಹಿಡಿಯ, ಹಂದಿಗೂದಲಿನ ಹಳೇ ಬ್ರಷ್ಷುಗಳನ್ನು ಸುಟ್ಟು ಹೊಸದು ಕೊಳ್ಳಿ. ಪ್ಲಾಸ್ಟಿಕ್ಕಿನದ್ದಾದರೆ ಕೂದಲು ಬಿಡಿಸಿ, ಸಾಬೂನಿನಲ್ಲಿ ತೊಳೆದು, 0.5% ಬ್ಲೀಚ್ ನೀರಿನಲ್ಲಿ 10 ನಿಮಿಷ ಮುಳುಗಿಸಿ ಬಿಸಿಲಿಗಿಡಿ.

ಜೀನು, ಲಗಾಮಿನ ತೊಗಲಿಗೆ ಬ್ಲೀಚ್ ಹಾಕಿದರೆ ಅದು ಬಿರಿಯುತ್ತದೆ. ತೊಗಲಿನ ಸಾಬೂನಿನಿಂದ ಎರಡು ಸಲ ಉಜ್ಜಿ, 1:50 ಎನಿಲ್‌ಕೊನಜೋಲ್ ನೀರಿನಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಎಣ್ಣೆ ಕೊಡಿ. ಹೊಟ್ಟೆಪಟ್ಟಿಯ ಬಕಲ್ ಮಡಚುವ ಜಾಗ ಮತ್ತು ಹೊಲಿಗೆ ಸಾಲನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೊಳೆಯಿರಿ, ಬೆವರಿನ ಜಿಡ್ಡಿನಲ್ಲಿ ಕೂದಲು ಅಂಟಿಕೊಂಡಿರುವುದು ಅಲ್ಲೇ. ಜೀನಿನ ಕೆಳಗಿನ ಬಟ್ಟೆ, ಮೈಗೆ ಹೊದಿಸುವ ಜೂಲು 60 ಡಿಗ್ರಿ ಬಿಸಿನೀರಿನಲ್ಲಿ, ಯಂತ್ರವನ್ನು ತುಂಬಿ ತುರುಕದೆ ಎರಡು ಸುತ್ತು ಒಗೆಯಬೇಕು. ಹತ್ತಿ ಬಟ್ಟೆಯಾದರೆ ಹಂಡೆಯಲ್ಲಿ ಕುದಿಸಿದರೂ ಆಯಿತು.

ಪ್ರಶ್ನೆ: ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ 4 ಕುದುರೆಗಳಿವೆ. ಸೀಸನ್ ಹೊತ್ತಿಗೆ ಒಂದಕ್ಕೆ ಬಂದಿದೆ. ಉಳಿದ ಮೂರನ್ನು ಉಳಿಸಿಕೊಳ್ಳುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ನಿಮ್ಮಲ್ಲಿ ಮೊದಲ ಅಪಾಯ ಜರಿಯ ಮಖಮಲ್ ಜೂಲಿನದು. ಒಂದೇ ಜೂಲು, ಒಂದೇ ಗೊಂಡೆಯ ಮುಖಪಟ್ಟಿ ನಾಲ್ಕೂ ಕುದುರೆಗೆ ಸರದಿಯಲ್ಲಿ ಏರುತ್ತದೆ, ಜರಿ ಕೆಡುತ್ತದೆಂದು ಯಾರೂ ಅದನ್ನು ಒಗೆಯುವುದಿಲ್ಲ. ಅದರಡಿಗೆ ಕುದುರೆಗೊಂದರಂತೆ ದಪ್ಪ ಹತ್ತಿ ಬಟ್ಟೆ ಹೊಲಿಸಿ, ಪ್ರತಿ ಮೆರವಣಿಗೆಯ ನಂತರ ಕುದಿಸಿ. ಈಗಾಗಲೇ ರೋಗದ ಕುದುರೆಗೆ ಹೊದಿಸಿದ ಮಖಮಲ್ಲನ್ನು ಬೇರೆಯದಕ್ಕೆ ಹಾಕಬೇಡಿ. ಡ್ರೈಕ್ಲೀನ್ ಮಾಡಿಸಿದರೆ ಸಾಲದೆಂದು ಅನುಮಾನವಿದ್ದರೆ ಅದನ್ನು ಆ ಒಂದು ಕುದುರೆಗೇ ಬಿಟ್ಟುಬಿಡಿ.

ರೋಗದ ಕುದುರೆಯನ್ನು ಗೋಡೆಯಾಚೆ ಕಟ್ಟಿ, ಮೂತಿಗೆ ಮೂತಿ ತಾಗಬಾರದು. ಒಬ್ಬನೇ ಸೈಸ್ (ಕುದುರೆ ಆಳು) ಅದನ್ನು ನೋಡಿಕೊಂಡರೆ ಉತ್ತಮ. ಆಳು ಒಬ್ಬನೇ ಇದ್ದರೆ ಮೊದಲು ಮೂರು ಆರೋಗ್ಯದ ಕುದುರೆಗಳ ಕೆಲಸ, ಕಡೆಗೆ ಇದರದು. ಉದ್ದ ತೋಳಿನ ಹಳೇ ಅಂಗಿಯೊಂದನ್ನು ಅದರ ಬಾಗಿಲಲ್ಲೇ ತೂಗುಹಾಕಿ, ಒಳಗೆ ಹೋಗುವಾಗ ತೊಟ್ಟು ಬರುವಾಗ ಬಿಚ್ಚಿಡಲಿ. ಮೊಣಕೈವರೆಗೆ ಸಾಬೂನಿನಲ್ಲಿ ತೊಳೆಯಲಿ. ಅದರ ಬಕೆಟ್, ಬ್ರಷ್, ಹಗ್ಗಕ್ಕೆ ಕೆಂಪು ಟೇಪ್ ಸುತ್ತಿ, ಅಕ್ಷರ ಓದಲು ಬಾರದವರಿಗೂ ಗೊತ್ತಾಗುತ್ತದೆ. ಲಾಳ ಹೊಡೆಯುವವರನ್ನು ಕರೆಸುವಾಗ ಮೊದಲೇ ತಿಳಿಸಿ. ಕಾಲನ್ನು ತೊಡೆಯ ಮೇಲಿಟ್ಟು, ಭುಜ ಕುದುರೆಯ ಮೈಗೆ ಆನಿಸಿ ಕೆಲಸ ಮಾಡುವ ಅವರು ಅದೇ ಬಟ್ಟೆಯಲ್ಲಿ ಮುಂದಿನ ಮನೆಗೆ ಹೋಗುತ್ತಾರೆ. ಸವಾರರ ಬೂಟಿನ ಒಳಬದಿಯೂ ಅಷ್ಟೇ, ಪಟ್ಟಿಯ ಹಿಂದಿನ ಮಚ್ಚೆಗೆ ಉಜ್ಜುವುದು ಅದೇ.

ಉಳಿದ ಮೂರರ ಮೈಮೇಲೆ ದಿನಕ್ಕೊಮ್ಮೆ ಬರಿಗೈ ಆಡಿಸಿ, ಪ್ರತಿ ಕುದುರೆಗೂ ಕೈ ತೊಳೆದುಕೊಂಡು. ಮುಖ, ಕುತ್ತಿಗೆ, ಭುಜ, ಜೀನಿನಡಿ, ಪಟ್ಟಿಯಡಿ. ಕಣ್ಣಿಗೆ ಕಾಣುವ ಮುಂಚೆ ಗಂಟು ಕೈಗೆ ಸಿಗುತ್ತದೆ. ಕೊನೆಯ ಹೊಸ ಮಚ್ಚೆ ಕಂಡ ದಿನದಿಂದ 4 ವಾರ ಹೀಗೆ ಎಣಿಸಿ. ನಡುವೆ ಇನ್ನೊಂದು ಕಂಡರೆ ಎಣಿಕೆ ಮತ್ತೆ ಒಂದರಿಂದ.

ಪ್ರಶ್ನೆ: ಗಬ್ಬದ ಕುದುರೆಗೆ ಗ್ರಿಸಿಯೋಫಲ್ವಿನ್ ಪುಡಿ ತಿನ್ನಿಸಬಹುದೇ? (ಬೆಳಗಾವಿ)

ಉತ್ತರ: ಕೂಡದು. ಹೊಟ್ಟೆಯಲ್ಲಿರುವ ಮರಿಗೆ ಅಂಗವೈಕಲ್ಯ ಬರುವ ಅಪಾಯವಿದೆ. ಗರ್ಭಿಣಿಯರು ಆ ಪುಡಿಯನ್ನು ಮುಟ್ಟಲೂಬಾರದು. ಬೇರೆ ಕುದುರೆಗಳಲ್ಲೂ ಅದರ ಗುಣ ಬೆಲೆಗೆ ತಕ್ಕಷ್ಟಿಲ್ಲ ಎಂಬುದು ನಮ್ಮ ಅನಿಸಿಕೆ. ಹೊರಗಿನ ಔಷಧಿಯೂ ವೈದ್ಯರನ್ನು ಕೇಳಿಯೇ ಆಗಲಿ.

ಪ್ರಶ್ನೆ: ಕುದುರೆ ನೋಡಿಕೊಳ್ಳುವ ನನ್ನ ತಮ್ಮನ ಮುಂಗೈಯಲ್ಲಿ ಉಂಗುರದ ಹಾಗೆ ಕೆಂಪು ಎದ್ದಿದೆ. ಕುದುರೆಯಿಂದಲೇ ಬಂತಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. (ಶಿವಮೊಗ್ಗ)

ಉತ್ತರ: ಬಂದಿರಬಹುದು, ಮುಂಗೈ, ಕುತ್ತಿಗೆ, ತೊಡೆಯ ಒಳಭಾಗ ಇದು ಅಂಟುವ ಜಾಗಗಳೇ. ಚರ್ಮದ ಡಾಕ್ಟರಿಗೆ ತೋರಿಸಿ, ‘ಕುದುರೆ ಕೆಲಸ ಮಾಡುತ್ತೇನೆ’ ಎಂದು ಮರೆಯದೆ ಹೇಳಲಿ. ಕೊಟ್ಟ ಔಷಧಿಯನ್ನು ಹೇಳಿದಷ್ಟು ವಾರ ಪೂರ್ತಿ ಹಚ್ಚಲಿ. ಲಾಯದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡಿ, ಟವೆಲ್ ಬೇರೆ ಇರಲಿ, ವಾಸಿಯಾಗುವವರೆಗೆ ಮಕ್ಕಳು ಕುದುರೆಯನ್ನು ತಬ್ಬುವುದು ಬೇಡ. ಮನೆಯ ಬೆಕ್ಕು ಲಾಯದ ಹುಲ್ಲಿನಲ್ಲಿ ಮಲಗುತ್ತದೆಯೇ ಎಂದೂ ನೋಡಿ. ಅದರ ಕಿವಿ, ಮೂತಿಯ ಮೇಲೆ ಕೂದಲು ಉದುರಿದ್ದರೆ ಅದಕ್ಕೂ ಪರೀಕ್ಷೆ ಆಗಬೇಕು.

ಪ್ರಶ್ನೆ: ಹಿಂಗಾಲಿನ ಒಳಬದಿಯಲ್ಲಿ ಸಾಲಾಗಿ ಗಂಟು ಎದ್ದು ಒಡೆಯುತ್ತಿವೆ, ಜೇನಿನ ಬಣ್ಣದ ಕೀವು ಬರುತ್ತಿದೆ. ಇದೂ ಹುಳುಕಡ್ಡಿಯ ಒಂದು ಬಗೆಯೇ? (ಕಲಬುರಗಿ)

ಉತ್ತರ: ಅಲ್ಲ. ಮುಲಾಮಿನ ಡಬ್ಬಿ ಕೆಳಗಿಟ್ಟು ಇವತ್ತೇ ಪಶುವೈದ್ಯರನ್ನು ಕರೆಯಿರಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದರೂ ಆದೀತು. ಇದು ಗ್ಲಾಂಡರ್ಸ್ ಇರಬಹುದೆಂಬ ಶಂಕೆಗೆ ಎಡೆ ಕೊಡುವ ಲಕ್ಷಣ. ಮನುಷ್ಯರಿಗೂ ಅಂಟಿ ಜೀವ ತೆಗೆಯಬಲ್ಲ, ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅದು. ರಕ್ತದ ಮಾದರಿಯ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ. ಫಲಿತಾಂಶ ಬರುವವರೆಗೆ ಆ ಕುದುರೆಯನ್ನು ಎಲ್ಲೂ ಸಾಗಿಸಬೇಡಿ, ಬರಿಗೈಯಲ್ಲಿ ಕೀವು ಮುಟ್ಟಬೇಡಿ, ಮೂಗಿನಿಂದ ಸೋರುತ್ತಿದ್ದರೆ ಮುಖದ ಹತ್ತಿರ ಹೋಗಬೇಡಿ. ಬೇರೇನೋ ಇದ್ದು ಸುಮ್ಮನೆ ಹೆದರಿದೆವು ಎಂದಾದರೆ ನಮಗಿಂತ ಸಂತೋಷಪಡುವವರಿಲ್ಲ.

ಪ್ರಶ್ನೆ: ಹುಳುಕಡ್ಡಿ ವಾಸಿಯಾಗಿ ಕೂದಲು ಬಂದಿದೆ. ಹೊಟ್ಟೆಯ ಹತ್ತಿರದ್ದು ಸ್ವಲ್ಪ ಕಪ್ಪಗಿದೆ, ಬೆನ್ನ ಮೇಲೆ ಒಂದು ಕಡೆ ಮಾತ್ರ ಬೆಳ್ಳಗೆ ಬಂದಿದೆ. ರೋಗ ಇನ್ನೂ ಒಳಗಿದೆಯಾ? (ಮಂಡ್ಯ)

ಉತ್ತರ: ಕಪ್ಪಗಿರುವುದು ಹೊಸ ಕೂದಲಿನ ಬಣ್ಣ. ಬಿಸಿಲಿಗೆ ಮಾಸಿದ ಹಳೇ ಕೂದಲಿನ ನಡುವೆ ಎದ್ದು ಕಾಣುತ್ತದೆ, ಮುಂದಿನ ಸಲ ಮೈಗೂದಲು ಬದಲಾದಾಗ ಸರಿಹೋಗುತ್ತದೆ. ಹುಳುಕಡ್ಡಿ ಸಾಮಾನ್ಯವಾಗಿ ಕೂದಲ ಬೇರನ್ನು ಕೊಲ್ಲುವುದಿಲ್ಲ. ಬೆನ್ನ ಮೇಲಿನ ಬಿಳಿ ಮಾತ್ರ ಬೇರೆ ಕಥೆ, ಅದು ಹೆಚ್ಚಾಗಿ ಜೀನು ಒತ್ತಿದ ಗುರುತು. ಬಿಳಿ ಬಂದ ಜಾಗದ ನೇರಕ್ಕೆ ಜೀನಿನ ಅಡಿಭಾಗವನ್ನು ಅಂಗೈಯಿಂದ ಒತ್ತಿ ನೋಡಿ. ಒಳಗಿನ ತುಂಬು ಗಟ್ಟಿಯಾಗಿ ಉಂಡೆಗಟ್ಟಿದ್ದರೆ ಬಿಚ್ಚಿಸಿ ಹೊಸದು ತುಂಬಿಸಿ. ಹಳೆಯ ತುಂಬಿನಲ್ಲಿ ರೋಗದ ಕಾಲದ ಬೆವರೂ ಕೂದಲೂ ಸೇರಿರುತ್ತವೆ, ಅದನ್ನು ಸುಟ್ಟುಬಿಡಿ.